ಅಂಬರನಾಥದ ಅಣ್ಣತಮ್ಮಂದಿರು

ಡೊಂಬಿವಲಿಗೆ ಸೊಸೆಯಾಗಿ ಬಂದು ನನಗೆ ಮೂವತ್ತು ವರ್ಷಗಳ ಮೇಲಾಯಿತು. ಊರಿನಿಂದ ನೆಂಟರು ಬಂದರೆ ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಗೇಟ್‌ವೇ ಎಂದು ಎರಡು ದಿನ ತಿರುಗಾಡಿಸಿ ಕಳಿಸುವುದು ನಮ್ಮೆಲ್ಲರ ಮನೆಗಳಲ್ಲೂ ನಡೆದು ಬಂದ ಪದ್ಧತಿ. ಕಲ್ಯಾಣ ದಾಟಿ ವಿಠ್ಠಲವಾಡಿ, ಉಲ್ಲಾಸನಗರ ಕಳೆದರೆ ಸಿಗುವ ಅಂಬರನಾಥಕ್ಕೆ ಮಾತ್ರ ಯಾರನ್ನೂ ಕರೆದೊಯ್ಯುವುದಿಲ್ಲ. ನಾನೂ ಅದಕ್ಕೆ ಹೊರತಲ್ಲ. ಮೊನ್ನೆ ಮೊದಲ ಬಾರಿಗೆ ನನ್ನ ನಡುವಣ ಅಣ್ಣನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಣ್ಣ ಬಂದದ್ದು ನೆಂಟಸ್ತಿಕೆಗಲ್ಲ; ಊರಿನ ಹೊಲ-ಮನೆಯ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡು ಹೋಗಲು. ಮನೆಯಲ್ಲಿ ಕೂತರೆ ಆ ಕಾಗದದ ಮಾತೇ ಬರುತ್ತದೆ, ಎಲ್ಲಿಗಾದರೂ ಹೋಗಿಬರೋಣ ಎಂದು ನಾನೇ ಹೊರಡಿಸಿದೆ.

ವಾಲ್ಧುನಿ ನದಿಯ ದಂಡೆಯ ಮೇಲೆ ಕಪ್ಪು ಕಲ್ಲಿನ ದೇವಾಲಯ. ಹೊರಗೋಡೆಯ ತುಂಬ ಶಿಲ್ಪಗಳು, ಮಳೆಗೆ ಸವೆದು ಮೂಗು-ಮುಖ ಮಾಸಿದ್ದರೂ ನಿಲುವು ಹಾಗೇ ಇದೆ. ಗರ್ಭಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ತಲೆಯೆತ್ತಿದರೆ ಶಿಖರ ಪೂರ್ತಿಯಿಲ್ಲ, ಆಕಾಶ ಕಾಣುತ್ತದೆ. ಅಣ್ಣ ಕೈಮುಗಿದು ಮೇಲೆ ಬಂದು ಕಂಬಕ್ಕೆ ಒರಗಿ ಕೂತು ಕೇಳಿದ: "ತಂಗೀ, ಇದನ್ನ ಕಟ್ಟಿಸಿದಾಂವ ಯಾರು?"

"ಅಣ್ಣ ಸುರು ಮಾಡಿದ, ತಮ್ಮ ಮುಗಿಸಿದ" ಎಂದೆ.

"ಹಂಗಾದ್ರ ಭಾಳ ಛಲೋ ಅಣ್ಣತಮ್ಮರು ಇದ್ರು ಅನ್ನು" ಎಂದ.

ನಾನು ಸುಮ್ಮನಾದೆ. ಅಣ್ಣತಮ್ಮಂದಿರು ಹೇಗಿದ್ದರು ಎಂಬುದು ಅಷ್ಟು ಸುಲಭದ ಮಾತಲ್ಲ. ಅಂದು ಲೋಕಲ್ ಗಾಡಿಯ ಗದ್ದಲದಲ್ಲಿ ಅವನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯ ಬಾಗಿಲಿಗೇ ಇರುವ ಈ ಕಥೆಯಲ್ಲಿ ಕನ್ನಡಿಗರ ಪಾಲೂ ಇದೆ ಎಂಬುದು ನನ್ನ ಇನ್ನೊಂದು ನೆಪ.

ಆ ದೇವಾಲಯದ ಶಾಸನ ಶಕ 982ರದ್ದು, ಅಂದರೆ ಕ್ರಿ.ಶ. 1060. ಶಿಲಾಹಾರ ವಂಶದ ಮಹಾಮಂಡಲೇಶ್ವರ ಮಾಮ್ವಾಣಿರಾಜನ ಕಾಲದಲ್ಲಿ, ಅವನ ಅಣ್ಣ ಛಿತ್ತರಾಜನ ಹೆಸರಿನ ದೇವಾಲಯ ಸಿದ್ಧವಾಯಿತು ಎಂಬುದು ಅದರ ಸಾರ. ಈ ಮಾಮ್ವಾಣಿಯನ್ನೇ ಇತಿಹಾಸದ ಪುಸ್ತಕಗಳಲ್ಲಿ ಮುಮ್ಮುಣಿ ಎನ್ನುತ್ತಾರೆ. ಇವರು ಆಳಿದ್ದು ಉತ್ತರ ಕೊಂಕಣವನ್ನು; ಅವರ ಶ್ರೀಸ್ಥಾನಕವೇ ನಾವು ದಿನಾ ಗಾಡಿ ಬದಲಿಸುವ ಠಾಣೆ. ಶಾಸನಗಳಲ್ಲಿ ಬರುವ ಷಟ್‌ಷಷ್ಟಿ ಎಂಬ ನಾಡು, ಅಂದರೆ ಅರವತ್ತಾರು ಹಳ್ಳಿಗಳ ಸೀಮೆ, ಮುಂದೆ ಸಾಷ್ಟಿ ಆಯಿತು. ಭಾಂಡುಪದಲ್ಲಿ ಸಿಕ್ಕ 1026ರ ತಾಮ್ರಪಟದಲ್ಲಿ ಈ ಹೆಸರುಗಳನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಭಾವನವರ ಫ್ಲಾಟು ಇರುವುದು ಭಾಂಡುಪದಲ್ಲೇ!

ಶಿಲಾಹಾರರು ಇಲ್ಲಿ ಬೇರೂರಿದ್ದು ರಾಷ್ಟ್ರಕೂಟರ ಕೈಕೆಳಗಿನ ಸಾಮಂತರಾಗಿ. ಕಾನ್ಹೇರಿ ಗುಹೆಗಳಿಗೆ ಮಕ್ಕಳನ್ನು ಪಿಕ್ನಿಕ್ಕಿಗೆ ಕರೆದೊಯ್ದವರು ಅಲ್ಲಿಯ ಶಾಸನಗಳನ್ನು ನೋಡಿರಬಹುದು. 843ರ ಒಂದು ಶಾಸನದಲ್ಲಿ ಶಿಲಾಹಾರ ಪುಲ್ಲಶಕ್ತಿ ತನ್ನ ಒಡೆಯ ಅಮೋಘವರ್ಷನನ್ನು ಸ್ಮರಿಸುತ್ತಾನೆ. ಕವಿರಾಜಮಾರ್ಗದ ನೃಪತುಂಗನೇ ಈ ಅಮೋಘವರ್ಷ. ಬೋರಿವಲಿಯ ಕಾಡಿನ ಬಂಡೆಯ ಮೇಲೆ ಮಳಖೇಡದ ಅರಸನ ಹೆಸರು! ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಳ್ಳುತ್ತಿದ್ದರು. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. 'ಮಲಗಲಗಂಡ'ದಂಥ ಕನ್ನಡದ ಬಿರುದುಗಳು ಅವರಿಗಿದ್ದವು. ಅಧಿಕಾರಿಗಳ ಹೆಸರುಗಳು ನಾಗಣಯ್ಯ, ಸಿಹಪಯ್ಯ. ಕನ್ನಡ ನಾಡಿನೊಂದಿಗೆ ವ್ಯವಹರಿಸಲೆಂದೇ 'ಕರ್ಣಾಟ ಸಂಧಿವಿಗ್ರಹಿ' ಎಂಬ ಬೇರೆ ಅಧಿಕಾರಿಯೇ ಇದ್ದ. ಮುಂಬಯಿ ಕನ್ನಡಿಗರ ಇತಿಹಾಸವನ್ನು ಹೋಟೆಲು ಮತ್ತು ಗಿರಣಿಗಳಿಂದ ಆರಂಭಿಸುವವರು ಇದನ್ನೂ ಸ್ವಲ್ಪ ಗಮನಿಸಬೇಕು.

ರಾಷ್ಟ್ರಕೂಟರ ಪತನವಾದ ಮೇಲೂ ಈ ಋಣ ಮರೆಯಲಿಲ್ಲ. ಭಿವಂಡಿ ಹತ್ತಿರದ ಭಾದಾಣೆಯ 997ರ ತಾಮ್ರಪಟದಲ್ಲಿ ಅಪರಾಜಿತನೆಂಬ ಶಿಲಾಹಾರ ಅರಸ ಮೊದಲು ತನ್ನ ವಂಶದ ಹಿರಿಮೆ ಹೇಳಿಕೊಳ್ಳುವುದಿಲ್ಲ, ರಾಷ್ಟ್ರಕೂಟರ ವಂಶಾವಳಿ ಹೇಳಿ, ಆ ರಟ್ಟರ ರಾಜ್ಯ ಅಳಿದುಹೋಯಿತಲ್ಲ ಎಂದು ಮರುಗುತ್ತಾನೆ. ಒಡೆಯ ಹೋಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಇಂಥ ನಿಷ್ಠೆ ಇಂದಿನ ರಾಜಕಾರಣದಲ್ಲಿ ಇಪ್ಪತ್ತು ದಿನ ಉಳಿದರೆ ಹೆಚ್ಚು.

ಮಹಾಮಂಡಲೇಶ್ವರ ಎಂದರೆ ಯಾರು? ಧಾರವಾಡದಲ್ಲಿ ಬಿ.ಎ. ಓದುವಾಗ ಇಂಗ್ಲಿಷ್ ನಾಟಕಗಳಲ್ಲಿ ಪುಟಪುಟಕ್ಕೂ ಡ್ಯೂಕ್‌ಗಳು ಬರುತ್ತಿದ್ದರು. ಡ್ಯೂಕ್ ಅಂದರೆ ರಾಜನೂ ಅಲ್ಲ, ಬರೀ ಜಮೀನುದಾರನೂ ಅಲ್ಲ, ಮತ್ತೇನು ಎಂದು ನಮಗೆ ತಲೆ ಕೆಡುತ್ತಿತ್ತು. ಮೇಲೆ ಒಬ್ಬ ರಾಜನಿಗೆ ತಲೆಬಾಗಬೇಕು, ಆದರೆ ತನ್ನ ಸೀಮೆಯಲ್ಲಿ ತಾನೇ ರಾಜ. ಸೈನ್ಯ ತನ್ನದು, ಕಂದಾಯ ತನ್ನದು, ಮೇಲಿನವನು ದುರ್ಬಲನಾದರೆ ತಲೆಬಾಗುವುದೂ ನೆಪಮಾತ್ರ. ಮೂಲದಲ್ಲಿ ಆ ಶಬ್ದಕ್ಕೆ ದಂಡನಾಯಕ ಎಂದೇ ಅರ್ಥ. ನಮ್ಮ ಮಹಾಮಂಡಲೇಶ್ವರನೂ ಹೀಗೆಯೇ. ಅಂದು ಯಾರಾದರೂ ಮೇಷ್ಟ್ರು "ನಾರ್ಮಂಡಿಯ ಡ್ಯೂಕ್ ಅಂದರೆ ಠಾಣೆಯ ಶಿಲಾಹಾರ ಇದ್ದ ಹಾಗೆ" ಎಂದು ಒಂದು ಮಾತು ಹೇಳಿದ್ದರೆ ನಮ್ಮ ಕಷ್ಟ ಎಷ್ಟೋ ತಪ್ಪುತ್ತಿತ್ತು.

ಇಂಥ ಒಡೆತನದಲ್ಲಿ ದೊಡ್ಡ ಪ್ರಶ್ನೆ ಒಂದೇ. ಅವನ ನಂತರ ಯಾರು?

ಠಾಣೆಯ ಪಟ್ಟಿಯನ್ನು ನೋಡಿ. ಅಪರಾಜಿತನ ನಂತರ ಅವನ ಮಗ ಎರಡನೆಯ ವಜ್ಜಡ. ವಜ್ಜಡನ ನಂತರ ಅವನ ಮಗ ಬರಬೇಕು. ಬಂದದ್ದು ತಮ್ಮ ಅರಿಕೇಸರಿ. 1017ರಲ್ಲಿ ಆಳುತ್ತಿದ್ದವನು ಅವನೇ. ಅರಿಕೇಸರಿಯ ನಂತರ ಪಟ್ಟ ಅವನ ಮಕ್ಕಳಿಗೆ ಹೋಗಲಿಲ್ಲ, ಅಣ್ಣನ ಮಗ ಛಿತ್ತರಾಜನಿಗೆ ತಿರುಗಿ ಬಂತು. ಶಿಶುವಾಗಿದ್ದರೂ ವಂಶವನ್ನು ಮೇಲೆತ್ತಿದವನು ಎಂದು ಅವನನ್ನು ಶಾಸನ ಹೊಗಳುತ್ತದೆ. ಮಗು ಚಿಕ್ಕದಿತ್ತು, ಚಿಕ್ಕಪ್ಪ ಕೆಲಕಾಲ ಆಳಿದ, ಆಮೇಲೆ ಬಿಟ್ಟುಕೊಟ್ಟ ಎಂದು ನಾನು ಊಹಿಸುತ್ತೇನೆ. ಆ ಕಾಲವೂ ಸಾಮಾನ್ಯದ್ದಲ್ಲ. 1020ರ ಸುಮಾರಿಗೆ ಮಾಳವದ ಭೋಜರಾಜ ಕೊಂಕಣವನ್ನು ಗೆದ್ದೆನೆಂದು ಹಬ್ಬ ಮಾಡಿದ. ನಾಲ್ಕೇ ವರ್ಷಕ್ಕೆ ಚಾಲುಕ್ಯ ಜಯಸಿಂಹ ಕೊಂಕಣವನ್ನು ಗೆದ್ದೆನೆಂದು ಬರೆಸಿದ. ಇಂಥದ್ದರಲ್ಲಿ ಎಳೆಯನನ್ನು ಕೂರಿಸಿ ಉಳಿಸಿಕೊಂಡದ್ದು ಹುಡುಗಾಟವಲ್ಲ.

ಛಿತ್ತರಾಜನ ನಂತರ ಮತ್ತೆ ಮಗನಿಲ್ಲ, ತಮ್ಮ. 1039ರ ತಾಮ್ರಪಟದಲ್ಲಿ ಆಳುತ್ತಿದ್ದವನು ಎರಡನೆಯವನಾದ ನಾಗಾರ್ಜುನ. ಅವನ ನಂತರ ಮೂರನೆಯವನು, ನಮ್ಮ ದೇವಾಲಯ ಮುಗಿಸಿದ ಮುಮ್ಮುಣಿ. ಮೂವರು ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಆಳಿದರು. ಅಣ್ಣ ಇಟ್ಟ ಅಡಿಗಲ್ಲಿನ ಮೇಲೆ, ನಡುವಣವನ ಕಾಲವೂ ಕಳೆದ ಮೇಲೆ, ಕಿರಿಯ ತಮ್ಮ ಕೆಲಸ ಮುಗಿಸಿ ಅಣ್ಣನ ಹೆಸರನ್ನೇ ಕೆತ್ತಿಸಿದ. ಇಲ್ಲಿಯವರೆಗೆ ನನ್ನ ಅಣ್ಣನ ಮಾತು ಸರಿಯೇ.

ಮುಂದಿನದು ಕೇಳಿ. ಮುಮ್ಮುಣಿಯ ನಂತರ ಗದ್ದುಗೆ ಹತ್ತಿದವನು ನಾಗಾರ್ಜುನನ ಮಗ ಅನಂತದೇವ. ಸುಮ್ಮನೆ ಹತ್ತಲಿಲ್ಲ. ಖಾರೇಪಾಟಣದಲ್ಲಿ ಸಿಕ್ಕ 1094ರ ಅವನ ತಾಮ್ರಪಟ ಹೇಳುವ ಪ್ರಕಾರ, ದಾಯಾದರ ವೈರದಿಂದ ಬಂದ ಕೆಟ್ಟ ಕಾಲದಲ್ಲಿ ದುಷ್ಟರು ಬಲಗೊಂಡು ಕೊಂಕಣವನ್ನು ಸೂರೆ ಮಾಡಿದರು, ದೇವರಿಗೂ ಬ್ರಾಹ್ಮಣರಿಗೂ ನೆಮ್ಮದಿ ಉಳಿಯಲಿಲ್ಲ, ಅವರನ್ನೆಲ್ಲ ಅನಂತದೇವ ತನ್ನ ಕತ್ತಿಯ ಅಲಗಿನ ಸಮುದ್ರದಲ್ಲಿ ಮುಳುಗಿಸಿದ. ದಾಯಾದ! ನಾವು ದಾಯಾದಿ ಎನ್ನುತ್ತೇವಲ್ಲ, ಅದೇ. ದಾಯವೆಂದರೆ ಹಿರಿಯರಿಂದ ಬರುವ ಆಸ್ತಿ. ಅದಕ್ಕೆ ಪಾಲುದಾರನಾದವನು ದಾಯಾದ. ಪಾಲುದಾರ ಎಂಬ ಅರ್ಥದ ಶಬ್ದ ನಮ್ಮ ಬಾಯಲ್ಲಿ ಹೇಗೆ ಹಗೆಯೆಂಬ ಅರ್ಥಕ್ಕೆ ಬಂತು ಎನ್ನುವುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಮೂವರು ಅಣ್ಣತಮ್ಮಂದಿರು ಬದುಕಿರುವವರೆಗೆ ಬಾಯಿಬಿಡದ ಪ್ರಶ್ನೆ ಅವರ ಮಕ್ಕಳ ಕಾಲಕ್ಕೆ ಕತ್ತಿಯಾಗಿ ಬಂತು. ಹಿರಿಯನ ಮಗನೋ, ನಡುವಣವನ ಮಗನೋ, ಕಡೆಯದಾಗಿ ಆಳಿದವನ ಮಗನೋ? ಯಾರದೂ ಸುಳ್ಳಲ್ಲ, ಯಾರದೂ ಪೂರ್ತಿ ನಿಜವಲ್ಲ. ಮನೆಯೊಳಗೆ ಹೀಗಾದಾಗ ಹೊರಗಿನವರು ಬರುವುದು ತಡವಾಗುವುದಿಲ್ಲ. ಗೋವೆಯ ಕದಂಬರು, ಅವರೂ ಕನ್ನಡದ ಅರಸರೇ, ಉತ್ತರ ಕೊಂಕಣದ ಮೇಲೆ ಕೈಯಿಟ್ಟದ್ದು ಈ ಕಾಲದಲ್ಲೇ.

ಇದೇ ಹೊತ್ತಿಗೆ, ಅಂದರೆ ಅಂಬರನಾಥದ ಶಾಸನ ಕೆತ್ತಿ ಆರು ವರ್ಷಕ್ಕೆ, 1066ರಲ್ಲಿ ಉತ್ತರ ಯುರೋಪಿನಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನೂ ಏಳೆಂಟು ವರ್ಷದ ಹುಡುಗನಾಗಿ 1035ರಲ್ಲಿ ಡ್ಯೂಕ್ ಆದವನು, ಅದೂ ಮದುವೆಯಾಗದ ತಾಯಿಯ ಮಗ. ಸಾಯುವಾಗ, 1087ರಲ್ಲಿ, ಉಳಿದಿದ್ದ ಮೂವರು ಮಕ್ಕಳಿಗೆ ಪಾಲು ಹಾಕಿದ: ಹಿರಿಯ ರಾಬರ್ಟನಿಗೆ ನಾರ್ಮಂಡಿ, ನಡುವಣ ವಿಲಿಯಂನಿಗೆ ಇಂಗ್ಲೆಂಡ್, ಕಿರಿಯ ಹೆನ್ರಿಗೆ ನೆಲವಿಲ್ಲ, ಐದು ಸಾವಿರ ಪೌಂಡು ಬೆಳ್ಳಿ. ಹೊಲ ಇಬ್ಬರಿಗೆ, ರೊಕ್ಕ ಒಬ್ಬನಿಗೆ. ನಮ್ಮೂರಿನ ಪಂಚರೂ ಹೀಗೆಯೇ ಹಂಚುತ್ತಾರೆ. 1100ರ ಆಗಸ್ಟ್ 2ರಂದು ಬೇಟೆಯಲ್ಲಿ ಬಾಣ ತಗಲಿ ನಡುವಣವನು ಸತ್ತ. ಹಿರಿಯ ರಾಬರ್ಟ್ ಆಗ ಜೆರೂಸಲೇಮಿನ ಯುದ್ಧದಿಂದ ಇನ್ನೂ ದಾರಿಯಲ್ಲಿದ್ದ. ಕಿರಿಯ ಹೆನ್ರಿ ನೇರವಾಗಿ ಖಜಾನೆಗೆ ಹೋಗಿ ಅದನ್ನು ಹಿಡಿದು ಮೂರೇ ದಿನಕ್ಕೆ ಕಿರೀಟ ಇಟ್ಟುಕೊಂಡ. 1106ರಲ್ಲಿ ಅಣ್ಣನನ್ನೂ ಸೋಲಿಸಿ ಸೆರೆಯಲ್ಲಿಟ್ಟ. ಇಪ್ಪತ್ತೆಂಟು ವರ್ಷ ಸೆರೆಯಲ್ಲೇ ಇದ್ದು ಆ ಹಿರಿಯಣ್ಣ 1134ರಲ್ಲಿ ತೀರಿಕೊಂಡ. ನನ್ನ ಬಿ.ಎ. ನೋಟ್ಸಿನಲ್ಲಿ ಇದೆಲ್ಲ ಅರ್ಧ ಪುಟ. ಇಪ್ಪತ್ತೆಂಟು ವರ್ಷ ಎಂಬ ಅಂಕಿಯನ್ನು ಆಗ ಬಾಯಿಪಾಠ ಮಾಡಿದ್ದೆ. ಮನಸ್ಸಿಗೆ ತಟ್ಟಿದ್ದು ಈಗ.

ಇನ್ನು ಕಲ್ಯಾಣಕ್ಕೆ ಬರೋಣ. ನಮ್ಮ ಅವ್ವ ಮೊದಲ ಸಲ ನನ್ನನ್ನು ನೋಡಲು ಬಂದಾಗ ಕಲ್ಯಾಣ ಸ್ಟೇಷನ್ನಿನ ಫಲಕ ಓದಿ ಕೈಮುಗಿದು "ಬಸವಣ್ಣನ ಊರಿಗೆ ಬಂದೆ" ಎಂದಿದ್ದಳು. ಈ ಕಲ್ಯಾಣ ಬೇರೆ, ಆ ಕಲ್ಯಾಣ ಬೀದರ ಜಿಲ್ಲೆಯ ಬಸವಕಲ್ಯಾಣ ಎಂದು ತಿಳಿಹೇಳಲು ಬಹಳ ಹೊತ್ತು ಹಿಡಿಯಿತು. ನಾನು ಈಗ ಹೇಳುವುದು ಆ ಕಲ್ಯಾಣದ ಮಾತು. ಬಸವಣ್ಣನವರಿಗೂ ಒಂದು ತಲೆಮಾರು ಹಿಂದಿನದು.

ನನ್ನ ತವರು ರಾಣೆಬೆನ್ನೂರು ತಾಲ್ಲೂಕಿನ ಒಂದು ಹೊಳೆದಂಡೆಯ ಹಳ್ಳಿ. ತುಂಗಭದ್ರೆಯ ಆಚೆಗೆ ಕುರುವತ್ತಿ. ಶಿವರಾತ್ರಿಯ ಹೊತ್ತಿಗೆ ಅಲ್ಲಿ ದೊಡ್ಡ ಜಾತ್ರೆ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಹೊಳೆ ದಾಟಿ ಹೋದ ನೆನಪಿದೆ. ಅಣ್ಣಂದಿರು ನೀರು ಎರಚುತ್ತ ಮುಂದೆ ಓಡುತ್ತಿದ್ದರು. ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ, ಆಹವಮಲ್ಲನೆಂದು ಹೆಸರಾದವನು, 1068ರಲ್ಲಿ ವಾಸಿಯಾಗದ ಜ್ವರದಿಂದ ಬಳಲಿ ಇದೇ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ದೇಹ ಬಿಟ್ಟ ಎಂಬುದು ನನಗೆ ತಿಳಿದದ್ದು ಮಾತ್ರ ಡೊಂಬಿವಲಿಯ ವಾಚನಾಲಯದಲ್ಲಿ, ನಲವತ್ತು ದಾಟಿದ ಮೇಲೆ.

ಅವನಿಗೂ ಮೂವರು ಮಕ್ಕಳ ಹೆಸರು ಈ ಕಥೆಗೆ ಬೇಕು. ಹಿರಿಯ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ. ನಡುವಣವನಾದ ವಿಕ್ರಮಾದಿತ್ಯ ಯುದ್ಧದಲ್ಲಿ ಗಟ್ಟಿಗ, ಚೋಳ ವೀರರಾಜೇಂದ್ರನ ಅಳಿಯ. ಎಂಟು ವರ್ಷ ಹೇಗೋ ನಡೆಯಿತು. 1076ರಲ್ಲಿ ತಮ್ಮ ಅಣ್ಣನನ್ನು ಸೋಲಿಸಿ ಸೆರೆಯಲ್ಲಿಟ್ಟು ತಾನು ಪಟ್ಟವೇರಿದ. ಶಕವನ್ನು ಬದಿಗಿಟ್ಟು ಚಾಲುಕ್ಯ ವಿಕ್ರಮ ಶಕೆ ಎಂಬ ಹೊಸ ಎಣಿಕೆಯನ್ನೇ ಹೂಡಿದ. ಕಾಶ್ಮೀರದಿಂದ ಬಂದು ಅವನ ಆಸ್ಥಾನ ಸೇರಿದ ಬಿಲ್ಹಣ ಈ ವಿಷಯವನ್ನು ಬಹಳ ನಾಜೂಕಾಗಿ ನಿಭಾಯಿಸಿದ್ದಾನೆ. ತಂದೆಗೆ ನಡುವಣವನನ್ನೇ ಯುವರಾಜನನ್ನಾಗಿ ಮಾಡುವ ಮನಸ್ಸಿತ್ತಂತೆ. ಅಣ್ಣನಿರುವಾಗ ನನಗೆ ಬೇಡವೆಂದು ವಿಕ್ರಮನೇ ಒಲ್ಲೆನೆಂದನಂತೆ. ಕೊನೆಗೆ ಶಿವನೇ ಅಪ್ಪಣೆ ಕೊಟ್ಟದ್ದರಿಂದ ನಿರುಪಾಯನಾಗಿ ಅಣ್ಣನ ಮೇಲೆ ಕತ್ತಿ ಎತ್ತಿದನಂತೆ. ಗೆದ್ದವನಿಗೆ ಒಳ್ಳೆಯ ಕವಿ ಸಿಕ್ಕರೆ ಎಲ್ಲವೂ ಶಿವನ ಅಪ್ಪಣೆಯೇ. ಸೆರೆಯಲ್ಲಿದ್ದ ಅಣ್ಣನಿಗೆ ಬಿಲ್ಹಣ ಸಿಗಲಿಲ್ಲ. ಮುಂದೆ ಕಿರಿಯ ಜಯಸಿಂಹನೂ, ಬನವಾಸಿಯನ್ನು ಆಳುತ್ತಿದ್ದವನು, ಇದೇ ಪಾಠವನ್ನು ಅಣ್ಣ ವಿಕ್ರಮನ ಮೇಲೆ ಪ್ರಯೋಗಿಸಲು ಹೋಗಿ ಸೋತ.

ಆದರೆ ವಿಕ್ರಮಾದಿತ್ಯ ಕೆಟ್ಟ ಅರಸನಲ್ಲ. ಐವತ್ತು ವರ್ಷ ಆಳಿದ. ಕನ್ನಡ ನಾಡು ಅಷ್ಟು ದೀರ್ಘಕಾಲ ನೆಮ್ಮದಿಯಾಗಿದ್ದದ್ದು ಕಡಿಮೆ. ಅವನ ಕಲ್ಯಾಣದಲ್ಲೇ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ'ವೆಂಬ ವ್ಯಾಖ್ಯಾನ ಬರೆದ. ಆಸ್ತಿಯ ಕೋರ್ಟು ಮೆಟ್ಟಿಲು ಹತ್ತಿದ ಯಾರ ಕಿವಿಗೂ ಈ ಹೆಸರು ಬಿದ್ದಿರುತ್ತದೆ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಳದ ಕಡೆಯೊಂದನ್ನು ಬಿಟ್ಟು ದೇಶದ ಬಹುಭಾಗದ ಹಿಂದೂ ಮನೆಗಳ ಪಾಲು ಹಂಚಿದ್ದು ಈ ಕನ್ನಡ ನಾಡಿನ ಪಂಡಿತನ ಮಾತಿನ ಮೇಲೆ. (ಬಂಗಾಳದ ಪದ್ಧತಿಯನ್ನು ಬರೆದವನ ಹೆಸರು ಜೀಮೂತವಾಹನ. ಠಾಣೆಯ ಶಿಲಾಹಾರರೂ ತಾವು ಜೀಮೂತವಾಹನನ ವಂಶದವರು ಎನ್ನುತ್ತಿದ್ದರು. ಅವನು ಪುರಾಣದ ವಿದ್ಯಾಧರ, ಇವನಲ್ಲ. ನಾನು ಒಂದು ವಾರ ಇಬ್ಬರನ್ನೂ ಒಬ್ಬನೇ ಎಂದು ತಿಳಿದಿದ್ದೆ.)

ವಿಜ್ಞಾನೇಶ್ವರ ಹೇಳಿದ್ದೇನು? ತಂದೆಯ ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ಸತ್ತಾಗಲ್ಲ, ತಾನು ಹುಟ್ಟಿದಾಗಲೇ. ಮತ್ತೆ, ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕೆಂದು ಹಳೆಯ ಶಾಸ್ತ್ರದಲ್ಲಿದೆ, ನಿಜ. ಆದರೆ ಲೋಕಕ್ಕೆ ಒಪ್ಪದ್ದನ್ನು ಶಾಸ್ತ್ರದಲ್ಲಿದ್ದರೂ ನಡೆಸಬಾರದು, ಎಲ್ಲರಿಗೂ ಸಮಪಾಲು. ಮೂರನೆಯದಾಗಿ, ಬೇರೆಯಾಗಿದ್ದು ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ ಮೊದಲು ಅವನ ಹೆಂಡತಿಗೆ, ಅವಳ ನಂತರ ಹೆಣ್ಣುಮಕ್ಕಳಿಗೆ. ದಾಯಾದಿಗಳು ಅದರ ನಂತರ.

ಹಿರಿಯನಿಗೆ ವಿಶೇಷವಿಲ್ಲ, ಎಲ್ಲರೂ ಸಮ ಎಂದು ಪಂಡಿತ ಬರೆಯುತ್ತಿದ್ದ ಆ ಹೊತ್ತಿಗೆ ಅವನನ್ನು ಸಾಕುತ್ತಿದ್ದ ಅರಸ ಹಿರಿಯನನ್ನು ಸೆರೆಗೆ ತಳ್ಳಿ ಬಂದವನು! ಆದರೆ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಲೆಕ್ಕ ಹಾಕಿದ್ದರು ಎಂದು ನನಗೆ ಅನ್ನಿಸುತ್ತದೆ. ಹೊಲವನ್ನು ಮೂರು ಮಾಡಬಹುದು; ಗದ್ದುಗೆಯನ್ನು ಮೂರು ಮಾಡಿದರೆ ನಾರ್ಮಂಡಿಯ ಹಾಗೆ ಇಪ್ಪತ್ತು ವರ್ಷ ರಕ್ತ ಹರಿಯುತ್ತದೆ. ಹಂಚಬಹುದಾದದ್ದಕ್ಕೆ ನ್ಯಾಯ ಸಿಕ್ಕಿತು, ಹಂಚಲಾಗದ್ದಕ್ಕೆ ಬಲವೇ ನ್ಯಾಯವಾಯಿತು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಠಾಣೆಯಲ್ಲಿದೆ. ಅದೇ ಯಾಜ್ಞವಲ್ಕ್ಯ ಸ್ಮೃತಿಗೆ ಇನ್ನೊಂದು ದೊಡ್ಡ ವ್ಯಾಖ್ಯಾನವಿದೆ, ಬರೆದವನು 'ಅಪರಾರ್ಕ'. ಅವನು ಬೇರೆ ಯಾರೂ ಅಲ್ಲ, ಶಿಲಾಹಾರ ಅರಸ ಅಪರಾದಿತ್ಯ. ಅನಂತದೇವನ ನಂತರ ಬಂದ ಒಂದನೆಯ ಅಪರಾದಿತ್ಯನೇ ಎಂದು ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಅವನಿಗೂ ರಾಜ್ಯ ಸುಲಭವಾಗಿ ಬರಲಿಲ್ಲ. ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು ಮದುವೆಯಾಗಿದ್ದ ಗೋವೆಯ ಕದಂಬ ಜಯಕೇಶಿ ತಾನು ಕವಡಿದ್ವೀಪವನ್ನೂ, ಅಂದರೆ ಈ ನಮ್ಮ ಉತ್ತರ ಕೊಂಕಣವನ್ನೂ ಆಳುತ್ತೇನೆ ಎಂದು ಬರೆಸಿದ್ದಾನೆ. ಅಪರಾದಿತ್ಯನ 1127ರ ವಡವಲಿ ತಾಮ್ರಪಟದ ಪ್ರಕಾರ ಛಿತ್ತುಕ್ಕನೆಂಬ ಒಬ್ಬ ಅಸುರನಂಥವನು ಎದ್ದಾಗ ಸಾಮಂತರೆಲ್ಲ ಕೈಬಿಟ್ಟರು, ಅರಸನಿಗೆ ಉಳಿದದ್ದು ತನ್ನ ತೋಳು, ಕತ್ತಿ, ಕುದುರೆ. ಅಷ್ಟರಿಂದಲೇ ರಾಜ್ಯವನ್ನು ಮತ್ತೆ ಗಳಿಸಿದ. ದಾಯಾದರ ಜಗಳದ ನಡುವೆ ಹುಟ್ಟಿ, ಕೈತಪ್ಪಿದ ರಾಜ್ಯವನ್ನು ಕತ್ತಿಯಿಂದ ಪಡೆದ ಮನುಷ್ಯ, ಆಮೇಲೆ ಕೂತು ಪಾಲು-ದಾಯಗಳ ಶಾಸ್ತ್ರ ಬರೆದ. ಗಂಡುಮಕ್ಕಳಿಲ್ಲದ ವಿಧವೆಯ ಹಕ್ಕನ್ನು ಅವನೂ ಒಪ್ಪಿದ. ತೇಜಕಂಠನೆಂಬ ಪಂಡಿತನನ್ನು ಅವನು ಕಾಶ್ಮೀರದ ವಿದ್ವತ್ಸಭೆಗೆ ಕಳಿಸಿದ್ದನ್ನು ಅಲ್ಲಿನ ಕವಿ ಮಂಖ ದಾಖಲಿಸಿದ್ದಾನೆ. ಕಾಶ್ಮೀರದಿಂದ ಕಲ್ಯಾಣಕ್ಕೆ ಬಿಲ್ಹಣ ಬಂದ, ಠಾಣೆಯಿಂದ ಕಾಶ್ಮೀರಕ್ಕೆ ತೇಜಕಂಠ ಹೋದ. ಆಗ ರೈಲೂ ಇರಲಿಲ್ಲ, ರಿಸರ್ವೇಶನ್ನೂ ಇರಲಿಲ್ಲ.

ಇಷ್ಟೆಲ್ಲ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳೂ ಗದ್ದುಗೆಯ ಮೇಲೆ ಕೂತಿಲ್ಲ ಎಂಬುದನ್ನು ನಮ್ಮ ಮಹಿಳಾ ವಿಭಾಗದವರು ಗಮನಿಸಿರಬಹುದು. ಚಾಲುಕ್ಯರಲ್ಲಿ ರಾಣಿಯರು, ರಾಜಪುತ್ರಿಯರು ಸೀಮೆಗಳನ್ನು ಆಳಿದ್ದುಂಟು. ಜಯಸಿಂಹನ ಅಕ್ಕ ಅಕ್ಕಾದೇವಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಸೀಮೆ ಕೊಟ್ಟರು, ಗದ್ದುಗೆ ಕೊಡಲಿಲ್ಲ. ಅತ್ತ ಇಂಗ್ಲೆಂಡಿನಲ್ಲಿ ಹೆನ್ರಿಯ ಒಬ್ಬನೇ ಔರಸ ಮಗ 1120ರಲ್ಲಿ ಹಡಗು ಮುಳುಗಿ ಸತ್ತ. 1127ರಲ್ಲಿ ತನ್ನ ಸರದಾರರಿಂದ ಮಗಳು ಮಟಿಲ್ಡಾಳನ್ನೇ ಒಪ್ಪುತ್ತೇವೆಂದು ಆಣೆ ಮಾಡಿಸಿದ. ತಂದೆ 1135ರಲ್ಲಿ ಕಣ್ಣುಮುಚ್ಚಿದ್ದೇ ತಡ, ಆಣೆ ಮಾಡಿದವರೇ ಹೆನ್ರಿಯ ಅಕ್ಕನ ಮಗ ಸ್ಟೀಫನ್ನನನ್ನು ಕೂರಿಸಿದರು. ಹತ್ತೊಂಬತ್ತು ವರ್ಷ ಕಾದಾಟ, ಕೊನೆಗೆ 1154ರಲ್ಲಿ ಮಟಿಲ್ಡಾಳ ಮಗನಿಗೆ ರಾಜ್ಯ ಬಂತು. ಅವಳಿಗೆ ಬರಲೇ ಇಲ್ಲ.

ಈ ಕಥೆಯನ್ನು ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ, ಮಂಗಳೂರು ಕಡೆಯ ಗೆಳತಿಗೆ ಹೇಳಿದೆ. ಅವಳು ನ್ಯಾಯಾಧೀಶಳ ಹಾಗೆ, "ಸೋದರಿಯ ಮಗನಿಗೆ ಸಿಕ್ಕಿದ್ದು ಸರಿಯೇ ಅಲ್ಲವಾ, ನಮ್ಮಲ್ಲಾದರೆ ಅವನೇ ವಾರಸುದಾರ" ಎಂದಳು. ಅಳಿಯಸಂತಾನದವರಿಗೆ ಇದು ಸಹಜ. ತುಳುನಾಡಿನಲ್ಲಿ ವಂಶ ಹರಿಯುವುದು ತಾಯಿಯ ಕಡೆಯಿಂದ. ಗಂಡಸಿನ ಒಡೆತನ ಅವನ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಚೌಟ ಅರಸರ ಮನೆತನದಲ್ಲಿ ಉಳ್ಳಾಲದ ಅಬ್ಬಕ್ಕ ರಾಣಿಯಾಗಿ ಪೋರ್ಚುಗೀಸರನ್ನು ಎದುರಿಸಿದ್ದು ಈ ಕಟ್ಟಳೆಯ ಬಲದಿಂದ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿಸಿ ಬರೆದಿಟ್ಟಿದ್ದಾನೆ. "ಹಾಗಾದರೆ ನಿಮ್ಮಲ್ಲಿ ಜಗಳವೇ ಇಲ್ಲವೇ?" ಎಂದು ಕೇಳಿದೆ. "ಇಲ್ಲ ಅಂದವರು ಯಾರು? ನಮ್ಮಲ್ಲಿ ಮಾವನ ಮೇಲೆ" ಎಂದು ನಕ್ಕಳು. 1949ರ ಮದರಾಸಿನ ಅಳಿಯಸಂತಾನ ಕಾಯಿದೆ ಬಂದ ಮೇಲೆ ಅಲ್ಲೂ ಪಾಲು, ಕೋರ್ಟು ಎಲ್ಲ ಆದವು.

ಶಿಲಾಹಾರರ ಕೊನೆಯ ಅರಸ ಸೋಮೇಶ್ವರ. ದೇವಗಿರಿಯ ಯಾದವ ಮಹಾದೇವ ಅವನನ್ನು 1265ರ ಸುಮಾರಿಗೆ ನೆಲದಲ್ಲೂ ನೀರಿನಲ್ಲೂ ಅಟ್ಟಿ ಸಮುದ್ರದಲ್ಲಿ ಮುಳುಗಿಸಿದ. ಬೋರಿವಲಿಯ ಏಕ್ಸರ್ ವೀರಗಲ್ಲುಗಳಲ್ಲಿ ಸಾಲು ಹುಟ್ಟುಗಳ ಹಡಗುಗಳನ್ನು ಕೆತ್ತಿದ್ದಾರೆ. ಆ ಯುದ್ಧದ್ದೇ ಎಂದು ಹಲವರ ನಂಬಿಕೆ. ಅಲ್ಲಿಗೆ ಪಟ್ಟಿ ಮುಗಿಯಿತು. ಪಂಡಿತರು ಬರೆದದ್ದು ಮಾತ್ರ ಮುಗಿಯಲಿಲ್ಲ.

ನನ್ನ ಮದುವೆಯಾದದ್ದು 1993ರಲ್ಲಿ. ವಿಜ್ಞಾನೇಶ್ವರನ 'ಹುಟ್ಟಿನಿಂದ ಹಕ್ಕು' ಅಲ್ಲಿಯವರೆಗೆ ಗಂಡುಮಕ್ಕಳದು. 1994ರಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಕಾಯಿದೆ ತಿದ್ದಿ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟವು. ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. ಒಂದು ವರ್ಷದಿಂದ ನಾನು ಆಚೆ ಉಳಿದೆ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು. ಅಪ್ಪ ತೀರಿಕೊಂಡದ್ದು 2003ರಲ್ಲಿ. ಆದ್ದರಿಂದ ನನಗೆ ಇದು ತಾಗುವುದಿಲ್ಲ ಎಂದೇ ಅಣ್ಣಂದಿರೂ ನಾನೂ ತಿಳಿದಿದ್ದೆವು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬುದಿಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮ ಮನೆಯಲ್ಲಿ ಪಾಲು ಆಗಿರಲಿಲ್ಲ. ಅವ್ವ ಇರುವವರೆಗೆ ಯಾರೂ ಆ ಮಾತೆತ್ತಲಿಲ್ಲ. ಅವ್ವ ಹೋದ ವರ್ಷ ಹೋದಳು. ಈಗ ಕಾಗದ ಬಂದಿದೆ: ನನ್ನ ಹಕ್ಕನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ ಎಂದು.

ಅಂಬರನಾಥದ ಕಟ್ಟೆಯ ಮೇಲೆ ಅಣ್ಣ ಆ ಮಾತನ್ನೂ ಆಡಿದ. ಬೆದರಿಕೆಯಲ್ಲ, ಕಣ್ಣಲ್ಲಿ ನೀರಿತ್ತು. "ನೀ ಸಹಿ ಮಾಡಲಿಲ್ಲ ಅಂದ್ರ ನಾವೇನೂ ಮಾಡಾಂಗಿಲ್ಲ. ಆದ್ರ ವರ್ಷಕ್ಕೊಮ್ಮೆ ಬಂದು ಉಡಿ ತುಂಬಿಸ್ಕೊಂಡು ಹೋಗೂ ಮನಿ ಉಳೀತದೇನು, ನೋಡು." ತವರು ಎಂಬ ಶಬ್ದವನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವನು ಹೊರಡುವ ದಿನ ಜೋಳದ ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಟ್ಟೆ. ಸಹಿ ಮಾಡಲಿಲ್ಲ.

ಎರಡು ತಿಂಗಳು ಯೋಚಿಸಿ ಮೂವರಿಗೂ ಒಂದೊಂದು ಪತ್ರ ಬರೆದೆ, ಒಂದೇ ಒಕ್ಕಣೆಯದು. ಮನೆಯಲ್ಲಿ ನನಗೆ ಬರುವ ಪಾಲನ್ನು ಕಿರಿಯ ತಮ್ಮನಿಗೆ ಬಿಡುತ್ತೇನೆ, ಅವನೂ ಅವನ ಹೆಂಡತಿಯೂ ಅವ್ವನ ಕೊನೆಯ ಆರು ವರ್ಷ ನೋಡಿಕೊಂಡವರು. ಹೊಲದಲ್ಲಿ ನಾಲ್ಕರಲ್ಲೊಂದು ಪಾಲು ನನ್ನದು, ಅದನ್ನು ಬಿಡುವುದಿಲ್ಲ; ಮಾರುವುದೂ ಇಲ್ಲ, ಉಳುವವರು ನೀವೇ ಉಳಿರಿ. ಕಿರಿಯವನು ಫೋನು ಮಾಡಿ "ಅಕ್ಕಾ, ನೀ ಬಾ, ಕೂತು ಮಾತಾಡೂಣು" ಎಂದ. ಹಿರಿಯಣ್ಣ ಕಾಗದ ತಲುಪಿತೆಂದಷ್ಟೇ ಹೇಳಿಕಳಿಸಿದ. ನಡುವಣವನಿಂದ ಇನ್ನೂ ಉತ್ತರವಿಲ್ಲ. ಬರುವ ಶಿವರಾತ್ರಿಗೆ ಕುರುವತ್ತಿ ಜಾತ್ರೆಗೆ ಹೋಗಬೇಕೆಂದಿದ್ದೇನೆ. ಹೊಳೆ ದಾಟಲು ಈಗ ಅಪ್ಪನ ಹೆಗಲಿಲ್ಲ. ನಡುವಣ ಅಣ್ಣನ ಮನೆ ಮುಂದಿನಿಂದಲೇ ಹೋಗಬೇಕು. ಟಿಕೆಟ್ಟು ತೆಗೆಸಿಟ್ಟಿದ್ದೇನೆ.